ಬೆನ್ನೇರಿ ನೋಡುವ ಊರು

ಅಪ್ಪ ಅವ್ವನ ಜೊತೆ ಬಸ್ಸಿನಿಂದ ಕಾಲು ಕೆಳಗಿಟ್ಟ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು. ವಿಮಾನ ಹತ್ತಿ, ಸಮುದ್ರ ದಾಟಿ, ಮತ್ತೆ ಬಸ್ಸು ಹಿಡಿದು ಬಂದು ಇಳಿದರೆ ಎದುರಿಗೆ ಏನಿದೆ? ಬಯಲು. ನಮ್ಮೂರ ಎಪಿಎಂಸಿ ಹಿಂದೆ ದನ ಕಟ್ಟುವ ಬಯಲಿಗಿಂತ ಕಡೆ. ಅಲ್ಲೊಂದು ಕಲ್ಲು, ಇಲ್ಲೊಂದು ಕಲ್ಲು, ನಡುವೆ ಜಾಲಿಯಂಥ ಯಾವುದೋ ಮುಳ್ಳುಕಂಟಿ. ಆ ಬಯಲ ತುಂಬ ಮಂದಿ, ಅದೂ ಒಬ್ಬರ ಮೇಲೊಬ್ಬರು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೇ ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು. ಗಂಡನ ಬೆನ್ನ ಮೇಲೆ ಹೆಂಡತಿ, ಹೆಂಡತಿಯ ಬೆನ್ನ ಮೇಲೆ ಗಂಡ, ಕೋಟು ತೊಟ್ಟ ದೊಡ್ಡ ಮನುಷ್ಯನ ಮೇಲೆ ಅವನ ಮುದಿ ತಾಯಿ. ಮೇಲಿದ್ದವರೆಲ್ಲ ಖಾಲಿ ಆಕಾಶ ನೋಡಿ ಬಾಯಿ ತೆರೆಯುತ್ತಿದ್ದರು, ಕೈ ಮುಗಿಯುತ್ತಿದ್ದರು, ಗಾಳಿಯತ್ತ ಬೆರಳು ತೋರಿಸುತ್ತಿದ್ದರು. ಕೆಳಗಿದ್ದವರು ನೆಲ ನೋಡಿಕೊಂಡು ಎತ್ತಿನ ಹಾಗೆ ನಡೆಯುತ್ತಿದ್ದರು.

"ಇದನ್ನ ತೋರಸಾಕ ಇಷ್ಟ ದೂರ ಕರಸಿದಿ?" ಅಂದೆ ಅಕ್ಕನಿಗೆ. "ಹುಚ್ಚರ ಸಂತಿ ನೋಡಾಕ?"

"ಮೊದಲ ಏರು. ಆಮ್ಯಾಲ ಬೈ," ಅಂದಳು ಕಸ್ತೂರಿ ಅಕ್ಕ. ಅವಳು ಆ ದೇಶಕ್ಕೆ ಕೆಲಸಕ್ಕೆ ಹೋಗಿ ವರ್ಷಗಳಾಗಿದ್ದವು. ಆಸ್ಪತ್ರೆಯಲ್ಲಿ ಕೆಲಸ ಎಂದು ಊರಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು ಅವ್ವ. ಆ ದಿನ ಬಯಲಿನ ಬಾಗಿಲಲ್ಲಿ ನಿಂತುಕೊಂಡು ಅಕ್ಕ ನಿಜ ಹೇಳಿದಳು. ಈ ಊರಿನ ಒಬ್ಬ ಶ್ರೀಮಂತ ಮುದುಕಿಯನ್ನು ದಿನಾ ಬೆಳಗ್ಗೆ ಬೆನ್ನ ಮೇಲೆ ಹೊತ್ತು ಗುಡಿಗೆ ಕರೆದೊಯ್ಯುವುದೇ ಅವಳ ಕೆಲಸ.

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಂದ್ರ ನೀನೂ ಹಮಾಲಿ ಆದಿ ಅಂತಾತು."

ಅಪ್ಪ ನಗಲಿಲ್ಲ. ಅಕ್ಕನ ಹಿಂದೆ ಹೋಗಿ ಕುತ್ತಿಗೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿದ. ಹಮಾಲರಿಗೆ ಅಲ್ಲೊಂದು ಗಡ್ಡೆ ಏಳುತ್ತದೆ. ಅಪ್ಪನಿಗಿದೆ, ಅವನ ಅಪ್ಪ, ನಮ್ಮ ಮುತ್ಯಾನಿಗೂ ಇತ್ತು.

"ಗಡ್ಡಿ ಎದ್ದಿಲ್ಲ," ಅಂದ.

"ಅಕಿ ಭಾಳ ಹಗೂರ ಅದಾಳಪ್ಪ. ಹತ್ತಿ ಚೀಲ ಇದ್ದಂಗ."

"ಹತ್ತಿ ಹಗೂರ ಅಂತ ಯಾರ ಹೇಳಿದ್ರು ನಿನಗ? ತೊಯ್ದ ಹತ್ತಿ ಹೊತ್ತ ನೋಡು," ಅಂದ ಅಪ್ಪ. ಅಲ್ಲಿಗೆ ಆ ಮಾತು ಮುಗಿಯಿತು.

ನಮ್ಮಪ್ಪ ಫಕೀರಪ್ಪ ಎಪಿಎಂಸಿ ಯಾರ್ಡಿನಲ್ಲಿ ಚೀಲ ಹೊತ್ತೇ ಜೀವ ಸವೆಸಿದವನು. ಅವನು ಯಾವುದನ್ನು ಎಣಿಸಿದರೂ ಒಂದು ಅನ್ನುವುದಿಲ್ಲ. ಕಾಳು ಅಳೆಯುವವರ ಹಾಗೆ ಲಾಭ, ಎರಡು, ಮೂರು ಅನ್ನುತ್ತಾನೆ. ಊಟಕ್ಕೆ ಕೂತರೂ ಮೊದಲ ರೊಟ್ಟಿ ಲಾಭ. ಅವನು ಚೀಲ ಇಳಿಸುತ್ತಿದ್ದ ದಲಾಲಿ ಅಂಗಡಿಯ ಗೋಡೆಯ ಮೇಲೆ, ತೂಕದ ಕಾಟಾದ ಎದುರಿಗೆ, ಒಂದು ಹಳೆಯ ಕ್ಯಾಲೆಂಡರ್ ಇತ್ತು. ವರ್ಷ ಮುಗಿದ ಮೇಲೆ ಸಾವಕಾರ ಅದನ್ನು ಹರಿದು ಒಗೆಯಲು ಹೋದಾಗ ಅಪ್ಪ ಬೇಡಿಕೊಂಡು ತಂದು ಮನೆಯಲ್ಲಿ ದೇವರ ಪಟಗಳ ಸಾಲಿಗೆ ಹಚ್ಚಿದ. ಮಣ್ಣಿನ ಬಣ್ಣದ ಒಂದು ಗೋಪುರ. ಹೊರಮೈಗೆ ಬಳ್ಳಿ ಸುತ್ತಿದ ಹಾಗೆ ಮೆಟ್ಟಿಲು, ತುದಿಗೆ ನೀಲಿ ಹಂಚು. ಬುಡದಲ್ಲಿ ಒಂದು ಬಿಳಿ ಆಡು, ಮುಂಗಾಲೊಂದನ್ನು ಮೊದಲ ಮೆಟ್ಟಿಲ ಮೇಲೆ ಇಟ್ಟು ನಿಂತಿದೆ. ಯಾವ ದೇಶ, ಯಾರ ದೇವರು, ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಈ ಊರು ಸೇರಿದ ಮೇಲೆ ಒಂದು ದಿನ ಫೋನಿನಲ್ಲಿ, "ಅಪ್ಪಾ, ನಿನ್ನ ಕ್ಯಾಲೆಂಡರಿನ ಗೋಪುರ ಇಲ್ಲೇ ಐತಿ," ಅಂದಾಗ ಅಪ್ಪ ಫೋನು ಅವ್ವನ ಕೈಗೆ ಕೊಟ್ಟು ಹೊರಗೆ ಹೋಗಿ ಕೂತಿದ್ದ.

ನಾನು ಸಣ್ಣವನಿದ್ದಾಗ ರಾತ್ರಿ ಉಂಡ ಮೇಲೆ ಅಪ್ಪನನ್ನು ಕೇಳುತ್ತಿದ್ದೆ, "ಅಪ್ಪಾ, ಈ ಆಡು ಯಾವಾಗ ಹತ್ತತೈತಿ?" ಅಂತ. "ನೀ ಸಾಲಿ ಕಲಿತು ಶಾಣ್ಯಾ ಆದ ದಿನ," ಅನ್ನುತ್ತಿದ್ದ. ಒಂಬತ್ತನೇ ಇಯತ್ತೆಯಲ್ಲಿ ಗಣಿತದ ಮಾಸ್ತರ ಎಲ್ಲರೆದುರು, "ಹಮಾಲನ ಮಗ ಎಣಿಸಾಕ ಕಲಿತರ ಸಾಕು, ಲೆಕ್ಕ ಯಾಕ ಬೇಕು?" ಅಂದ. ಪಾಟೀಚೀಲ ಅವನ ಮೇಜಿನ ಮೇಲೆ ಒಗೆದು ಹೊರಬಿದ್ದೆ, ತಿರುಗಿ ಹೋಗಲಿಲ್ಲ. ಅಪ್ಪ ಹೊಡೆದ. ಬೈದ. ಕೊನೆಗೊಂದು ದಿನ ಆ ಪಟ ನೋಡಿ, "ಇನ್ನ ಆ ಆಡು ಹತ್ತಂಗಿಲ್ಲ ಬಿಡು," ಅಂದ. ಹೊಡೆದದ್ದು ಮರೆತಿದ್ದೇನೆ, ಆ ಮಾತು ಮರೆತಿಲ್ಲ. ಒಂದು ಕಾಗದದ ಆಡಿನ ಮೇಲೆ ಮನುಷ್ಯನಿಗೆ ಎಷ್ಟು ಸಿಟ್ಟಿರಬಹುದು ಎಂದು ತಿಳಿಯಬೇಕಾದರೆ ನನ್ನನ್ನು ಕೇಳಬೇಕು.

ಆಗಲಿ, ಸಾಲೆ ಬಿಟ್ಟೆ, ಯಾರ್ಡಿಗೆ ಬರುತ್ತೇನೆ, ಚೀಲ ಹೊರುತ್ತೇನೆ ಅಂದರೆ ಅದಕ್ಕೂ ಬಿಡಲಿಲ್ಲ. "ನಿಮ್ಮ ಮುತ್ಯಾ ಹೊತ್ತ, ನಾ ಹೊತ್ತೆ. ಇಲ್ಲಿಗೆ ಮುಗೀತು. ನಿನ್ನ ಬೆನ್ನ ಮ್ಯಾಲ ಚೀಲ ಬಿದ್ದರ ನಾ ಸತ್ತಂಗ," ಅಂದ. ಯಾರ್ಡಿನ ಹಮಾಲರಿಗೆಲ್ಲ ಹೇಳಿಟ್ಟ. ಯಾರೂ ನನ್ನ ಬೆನ್ನಿಗೆ ಚೀಲ ಕೊಡಲಿಲ್ಲ. ಅತ್ತ ಸಾಲೆಯೂ ಇಲ್ಲ, ಇತ್ತ ಚೀಲವೂ ಇಲ್ಲ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ನೀರಿಗೆ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತ ಕೂತವನು ನಾನು, ಯಮನೂರಪ್ಪ. ಗಡ್ಡೆ ಇಲ್ಲದ ಕುತ್ತಿಗೆ, ಖಾಲಿ ಬೆನ್ನು. ನನ್ನ ಸಿಟ್ಟಿಗೆ ಬೇರೆ ಕಾರಣ ಹುಡುಕಬೇಡಿ.

ಬಾಗಿಲಲ್ಲಿ ಕೆಳಗಿರುವವರು ಚಪ್ಪಲಿ ಬಿಡಬೇಕು, ಮೇಲಿರುವವರು ಹಾಕಿಕೊಂಡೇ ಇರಬಹುದು. ಅಪ್ಪ ಚಪ್ಪಲಿ ಕಳಚಿ, ಅಂಗಾಲಿನಿಂದ ನೆಲ ತಟ್ಟಿ ನೋಡಿ, ಅವ್ವನ ಎದುರು ಬೆನ್ನು ಬಗ್ಗಿಸಿ ನಿಂತ. "ಹೂಂ, ಏರು."

"ಥೂ, ಮಂದಿ ನೋಡ್ತಾರ," ಅಂದಳು ಅವ್ವ.

"ಮಂದಿ ಎಲ್ಲಾ ಅದನ್ನ ಮಾಡಾಕತ್ತಾರಲ್ಲ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂರು ಸಲ ಜಾರಿ, ನಾಲ್ಕನೇ ಸಲ ಏರಿದಳು. ಏರಿದವಳೇ ಅಪ್ಪನ ತಲೆಗೂದಲು ಹಿಡಿದು ಜಗ್ಗಿದಳು.

"ಕೂದಲ ಬಿಡು, ಸಾಂವಕ್ಕಾ. ಏನ ಕಾಣತೈತಿ ಹೇಳು."

"ಏನಂತ ಹೇಳಲ್ರೀ," ಅಂದಳು ಅವ್ವ. ಅವಳ ದನಿ ಹುಡುಗಿಯ ದನಿಯಾಗಿತ್ತು. "ದೀಪ. ಬರೇ ದೀಪ. ಗ್ವಾಡಿಗೂ ದೀಪ, ಮಾಡಿಗೂ ದೀಪ. ನಿಮ್ಮ ತಲಿ ಮ್ಯಾಲಿಂದ ಒಂದ ತೂಗಾಕತ್ತೈತಿ, ಸ್ವಲ್ಪ ಬಗ್ಗರಿ, ಬಡದೀತು."

ಅಪ್ಪ ಬಗ್ಗಿದ. ಏನೂ ಇಲ್ಲದ ಗಾಳಿಯ ಕೆಳಗೆ ತಲೆ ತಗ್ಗಿಸಿ ದಾಟಿದ. ನನಗೆ ತಡೆಯಲಾಗಲಿಲ್ಲ. ಅಕ್ಕನ ಬೆನ್ನು ಏರಿದೆ.

ನನ್ನ ಜನ್ಮದಲ್ಲಿ ನಾನು ಅಂಥದ್ದನ್ನು ನೋಡಿಲ್ಲ. ನೆಲದಿಂದ ಕಾಲು ಎತ್ತಿದ್ದಷ್ಟೇ, ಬಯಲು ಇದ್ದಲ್ಲಿ ಕಲ್ಲಿನ ಮನೆ ಎದ್ದು ನಿಂತಿತ್ತು. ಆನೆ ಮೇಲೆ ಆನೆ ನಿಲ್ಲಿಸಿದರೂ ಮುಟ್ಟದ ಕಂಬಗಳು. ಕಂಬಕ್ಕೊಂದೊಂದು ಗೂಡು, ಗೂಡಿಗೊಂದು ದೀಪ, ಎಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಬ್ಬ ಪೂಜಾರಿ ತನ್ನ ಹೆಂಡತಿಯ ಹೆಗಲ ಮೇಲೆ ಕೂತು ಬತ್ತಿ ಏರಿಸುತ್ತಿದ್ದ. ಅವಳು ಎಡಕ್ಕೆ ಎರಡು ಹೆಜ್ಜೆ ಹಾಕಿದರೆ ಅವನು ಇನ್ನೊಂದು ದೀಪಕ್ಕೆ ಎಣ್ಣೆ ಸುರಿಯುತ್ತಿದ್ದ. ನನ್ನ ಬಾಯಿಂದ ಕೆಟ್ಟ ಬೈಗುಳವೊಂದು ಬಂತು. ಸಂತೋಷವಾದಾಗಲೂ ನನಗೆ ಅದೇ ಬರುತ್ತದೆ.

"ಗುಡಿಯಾಗ ಬೈಬ್ಯಾಡೊ," ಅಂದಳು ಅಕ್ಕ ಕೆಳಗಿನಿಂದ. "ಇಲ್ಲಿ ಒಂದಿಬ್ಬರಿಗೆ ಕನ್ನಡ ಬರತೈತಿ."

"ಯಾರಿಗೆ?"

"ನನಗ, ಮತ್ತ ನಾ ಕಲಿಸಿದ ಆ ಮುದುಕಿಗೆ."

ಮೊಬೈಲ್ ತೆಗೆದು ಫೋಟೊ ಹೊಡೆದೆ. ಫೋಟೊದಲ್ಲಿ ಬಂದದ್ದು ಕಲ್ಲು, ಮುಳ್ಳುಕಂಟಿ, ಅಪ್ಪನ ಬೆನ್ನ ಮೇಲೆ ಕೂತು ಗಾಳಿಗೆ ಕೈಮುಗಿಯುತ್ತಿರುವ ಅವ್ವ. ಮೊಬೈಲ್ ಜೇಬಿಗೆ ಇಟ್ಟೆ. ಊರಿಗೆ ಹೋದ ಮೇಲೆ ಪಂಕ್ಚರ್ ಅಂಗಡಿಯ ಮಾಲಿಕ ತೋರಿಸು ಅಂದರೆ ಏನು ತೋರಿಸಲಿ?

ಹೊರಗೆ ಬಂದು ಇಳಿದ ಮೇಲೆ, "ಅಕ್ಕಾ, ಈಗ ನೀ ಏರು, ನಾ ಹೊರತೀನಿ," ಅಂದೆ. ಬಗ್ಗಿ ಕೂತೆ ಸಹ. ಅಪ್ಪ ಬಂದು ನನ್ನ ಅಂಗಿಯ ಕಾಲರ್ ಹಿಡಿದು ಎಬ್ಬಿಸಿದ.

"ಇಂವನ ಬೆನ್ನ ಯಾರೂ ಏರಬ್ಯಾಡ್ರಿ. ನಾ ಇದ್ದೀನಲ್ಲ."

"ಅಕ್ಕ ಹೊರಬಹುದು, ನಾ ಹೊರಬಾರದಾ?"

"ಅಕಿದು ನನಗ ಗೊತ್ತಿರಲಿಲ್ಲ. ನಿಂದು ಗೊತ್ತೈತಿ," ಅಂದ ಅಪ್ಪ. ಅಕ್ಕನನ್ನು ಎತ್ತಿ ತಾನೇ ಬೆನ್ನಿಗೆ ಹಾಕಿಕೊಂಡು ನಡೆದುಬಿಟ್ಟ. ಉರಿಯುವುದಕ್ಕೆ ತುಪ್ಪ ಸುರಿದ ಹಾಗಾಯಿತು ನನಗೆ.

ಆ ಊರಿನವರಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು. ಏಣಿ ಹತ್ತಿದರೆ ಕಾಣುವುದಿಲ್ಲ, ಕುದುರೆ ಏರಿದರೆ ಕಾಣುವುದಿಲ್ಲ, ಮಾಳಿಗೆ ಮೇಲೆ ನಿಂತರೂ ಬಯಲೇ. ಮನುಷ್ಯನ ಬೆನ್ನೇ ಬೇಕು. ಅದಕ್ಕೆ ಅಲ್ಲಿ ಹೆಣ್ಣು ನೋಡಲು ಹೋದವರು ಅಡುಗೆ ಬರುತ್ತದೆಯೇ ಎಂದು ಕೇಳುವುದಿಲ್ಲ, ಹುಡುಗ ಹುಡುಗಿ ಇಬ್ಬರಿಗೂ ಬೆನ್ನು ಹೇಗಿದೆ ಎಂದು ಕೇಳುತ್ತಾರೆ. ಗಂಡ ಹೆಂಡತಿ ಜಗಳವಾಡಿದ್ದಾರೆ ಎಂದು ತಿಳಿಯಲು ಬಾಗಿಲಿಗೆ ಕಿವಿ ಇಡಬೇಕಿಲ್ಲ, ಆ ವಾರ ಗುಡಿಗೆ ಬರುವುದಿಲ್ಲ. ನಾವು ಊಟಕ್ಕೆ ಹೋದ ಖಾನಾವಳಿಯ ಮೂಲೆಯಲ್ಲಿ ಒಬ್ಬ ನ್ಯಾಯಾಧೀಶ ಒಂಟಿಯಾಗಿ ಸೂಪು ಕುಡಿಯುತ್ತಿದ್ದ. ಎಮ್ಮೆಯಂಥ ಆಳು. ಅವನು ಹುಡುಗನಾಗಿದ್ದಾಗ ನೋಡಿದ್ದೇ ಕೊನೆ, ಆಮೇಲೆ ಯಾರೂ ಎತ್ತಿಲ್ಲ ಅಂದಳು ಅಕ್ಕ. "ಭಾರ ಅಂತನಾ?" ಅಂದೆ. "ಭಾರ ಒಂದ. ಅಂವ ಕೊಟ್ಟ ತೀರ್ಪು ಒಂದ," ಅಂದಳು.

ಮಕ್ಕಳದ್ದೇ ಬೇರೆ ಕಥೆ. ಹುಟ್ಟಿದಾಗಿನಿಂದ ತಾಯಿಯ ಬೆನ್ನ ಮೇಲೆ ಗೋಪುರ ನೋಡಿಕೊಂಡೇ ಬೆಳೆದಿರುತ್ತವೆ. ನಡೆಯಲು ಕಲಿತ ದಿನ ನಾಲ್ಕು ಹೆಜ್ಜೆ ಹಾಕಿ, ತಲೆ ಎತ್ತಿ, ಗೋಪುರ ಇಲ್ಲದ್ದು ಕಂಡು ಅಳುತ್ತವೆ. ನಮ್ಮ ಎದುರೇ ಒಂದು ಕೂಸು ಹಾಗೆ ಕೂತು ಅಳುತ್ತಿತ್ತು. ಮನೆಯವರೆಲ್ಲ ಸುತ್ತ ನಿಂತು ನಗುತ್ತ ಸಿಹಿ ಹಂಚುತ್ತಿದ್ದರು. ಅವ್ವನಿಗೂ ಒಂದು ತುಂಡು ಕೊಟ್ಟರು. ಖರ್ಜೂರದ್ದು, ಮೇಲೆ ಎಳ್ಳು ಮೆತ್ತಿದ್ದು.

ಎರಡನೇ ಜಾಗ ಗಂಟೆಯ ಮನೆ. ಅದರ ಒಳಮಾಡಿಗೆ ಬಣ್ಣದಲ್ಲಿ ಸಮುದ್ರ ಬರೆದಿದ್ದಾರೆ, ಮೀನು ತಲೆಕೆಳಗಾಗಿ ಈಜುತ್ತವೆ. ಮತ್ತೆ ನಾನು ಅಕ್ಕನ ಮೇಲೆ, ಅವ್ವ ಅಪ್ಪನ ಮೇಲೆ. "ಒಂದ ಮೀನ ನನ್ನ ನೋಡಿ ಬಾಯಿ ತೆರೀತು," ಅಂದಳು ಅವ್ವ, "ದೇವರಾಣಿ." ಆಣೆ ಬೇಕಿರಲಿಲ್ಲ, ನನ್ನನ್ನೂ ನೋಡಿ ತೆರೆದಿತ್ತು. ಗಂಟೆ ಬಾರಿಸಿದಾಗ ಆ ಬಣ್ಣದ ನೀರಿನಲ್ಲಿ ಅಲೆ ಎದ್ದು ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಹೋಯಿತು. ನಾನು ಅಕ್ಕನ ಹೆಗಲ ಮೇಲೆ ಕುಣಿದುಬಿಟ್ಟೆ. "ಏ, ನಾ ಏನ ಕುದರಿ ಅಂತ ತಿಳದೀ?" ಅಂತ ಬೈಸಿಕೊಂಡೆ.

ಅಪ್ಪ ಮಾತ್ರ ದಿನವಿಡೀ ಕೆಳಗೇ. ಅವ್ವನನ್ನು ಹೊತ್ತ, ಅಕ್ಕನನ್ನು ಹೊತ್ತ. ಬಾಗಿಲಲ್ಲಿ ಯಾರೋ ಒಬ್ಬ ಮುದುಕ ತನ್ನವರು ಬಾರದೆ ನಿಂತಿದ್ದ, ಅವನನ್ನೂ ಹೊತ್ತ. ಅಪ್ಪನ ನಡಿಗೆ ನೋಡಿ ಆ ಊರಿನವರು ನಿಂತು ನೋಡತೊಡಗಿದರು. ಮೇಲಿದ್ದವರಿಗೆ ತೊಟ್ಟಿಲಲ್ಲಿ ಕೂತ ಹಾಗೆ, ಒಂದಿಷ್ಟೂ ಕುಲುಕಾಟ ಇಲ್ಲ. ಎರಡು ಮೂರು ಮಂದಿ ಸಾಲು ಹಚ್ಚಿದರು. ಅಪ್ಪನಿಗೆ ಹಬ್ಬ. ಒಬ್ಬೊಬ್ಬರನ್ನೂ ಹೊತ್ತುಕೊಂಡು, "ಏನ ಕಾಣತೈತ್ರಿ?" ಅಂತ ಕೇಳುವನು. ಅವರು ತಮ್ಮ ಭಾಷೆಯಲ್ಲಿ ಏನೇನೋ ಹೇಳುವರು. ಅಪ್ಪ ಎಲ್ಲ ತಿಳಿದವನ ಹಾಗೆ, "ಹೌದಾ? ಬರೋಬ್ಬರಿ, ಬರೋಬ್ಬರಿ," ಅನ್ನುವನು. ಅವನ ಕಣ್ಣಿಗೆ ಬಿದ್ದದ್ದು ನೆಲ, ಮಂದಿಯ ಬರಿಗಾಲು, ಅಷ್ಟೇ.

"ಅಪ್ಪಾ, ಒಮ್ಮೆ ನೀನೂ ಏರು," ಅಂದಳು ಅಕ್ಕ.

"ಹಮಾಲಿ ಹೊರಾಂವ, ಹೊರಿಸಿಕೊಳ್ಳಾಂವ ಅಲ್ಲ," ಅಂದ ಅಪ್ಪ. "ನಮ್ಮಾಗ ಗಂಡಸು ಮಂದಿ ಹೆಗಲ ಮ್ಯಾಲ ಏರೂದು ಒಂದ ಸಲ. ಅವತ್ತ ಕಣ್ಣ ಮುಚ್ಚಿರತಾವ. ಇನ್ನೂ ಟೈಮ್ ಐತಿ."

ಯಾರ್ಡಿನಲ್ಲಿ ಇದು ತಮಾಷೆಯ ಮಾತಲ್ಲ. ಹಮಾಲ ಎಡವಿ ಬಿದ್ದು ಕಾಲು ಮುರಿದುಕೊಂಡರೂ ಕುಂಟುತ್ತಲೇ ಆಸ್ಪತ್ರೆಗೆ ಹೋಗುತ್ತಾನೆ, ಎತ್ತಿಕೊಳ್ಳಲು ಬಿಡುವುದಿಲ್ಲ. ಎತ್ತಿಸಿಕೊಂಡವನ ಚಟ್ಟ ಆ ವರ್ಷವೇ ಏಳುತ್ತದೆ ಎಂದು ಅವರ ನಂಬಿಕೆ.

ಬಿಸಿಲು ಇಳಿಮುಖವಾದಾಗ ಗೋಪುರದ ಬಯಲಿಗೆ ಬಂದೆವು. ಹೊತ್ತು ಮುಳುಗಿದರೆ ಮೇಲಿದ್ದವರಿಗೂ ಏನೂ ಕಾಣುವುದಿಲ್ಲ, ಆಮೇಲೆ ನಮ್ಮ ಬಸ್ಸು. ಅಪ್ಪ ಬಯಲಿನ ಅಂಚಿನಲ್ಲಿ ನಿಂತು ಅಂಗಿಯ ಗುಂಡಿ ಹಾಕಿಕೊಂಡ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡ. ಎದುರಿಗೆ ಒಂದು ಒಣ ದಿನ್ನೆ, ಮತ್ತೇನಿಲ್ಲ. ಅದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಬಗ್ಗಿದ.

"ಯಮನ್ಯಾ, ನೀ ಏರು. ನಿನ್ನ ಕಣ್ಣ ಚಲೋ ಅದಾವ. ಆಡು ನೋಡಿ ಹೇಳು."

ಅಪ್ಪನ ಬೆನ್ನು ಏರದೆ ಎಷ್ಟು ವರ್ಷವಾಗಿತ್ತೋ. ಎದೆಗೆ ಅವನ ಗಡ್ಡೆ ಒತ್ತಿತು. ಅವನು ಎದ್ದು ನಿಂತ, ಗೋಪುರ ಎದ್ದು ನಿಂತಿತು.

ಕ್ಯಾಲೆಂಡರಿನವನು ಬಡವನ ಹಾಗೆ ಬರೆದಿದ್ದ. ಅದು ಅಷ್ಟು ಸಣ್ಣದಲ್ಲ. ಮುಗಿಲಿಗೆ ಯಾರೋ ಹಗ್ಗ ಹೊಸೆದು ನಿಲ್ಲಿಸಿದ ಹಾಗೆ ಮೆಟ್ಟಿಲು ಸುತ್ತಿ ಸುತ್ತಿ ಹೋಗಿ, ತುದಿಯ ನೀಲಿ ಹಂಚಿಗೆ ಇಳಿಬಿಸಿಲು ಬಿದ್ದು ಕಣ್ಣು ಕುಕ್ಕಿತು. ಮೈ ಜುಮ್ಮೆಂದಿತು. ಆದರೆ ನನ್ನ ಕಣ್ಣು ಹೋದದ್ದು ಬುಡಕ್ಕೆ. ಮೊದಲ ಮೆಟ್ಟಿಲು ನೋಡಿದೆ. ಎಡ ನೋಡಿದೆ, ಬಲ ನೋಡಿದೆ. ಖಾಲಿ.

"ಆಡು ಇಲ್ಲ," ಅಂದೆ.

"ಸರಿ ನೋಡು."

"ನೋಡಿದೆ. ಮೆಟ್ಟಿಲ ಐತಿ, ಆಡು ಇಲ್ಲ."

ಅಪ್ಪ ನನ್ನನ್ನು ಇಳಿಸಿದ. ಚೀಲ ಇಳಿಸುವಾಗ ತೋರುವ ಮರ್ಯಾದೆಯನ್ನೂ ತೋರಲಿಲ್ಲ. "ನನ್ನ ಮ್ಯಾಲಿನ ಸಿಟ್ಟಿಗೆ ಸುಳ್ಳ ಹೇಳ್ತೀ."

"ನಾ ಯಾಕ ಸುಳ್ಳ ಹೇಳಲಿ?"

"ಆ ಆಡು ಕಂಡರ ನಿನಗ ಮೊದಲಿಂದ ಆಗಿ ಬರಂಗಿಲ್ಲ."

ಅವ್ವನನ್ನು ಏರಿಸಿದ. ಅವ್ವನ ಕನ್ನಡಕ ಬಸ್ಸಿನಲ್ಲೇ ಉಳಿದಿತ್ತು, ದೂರದ್ದು ಅವಳಿಗೆ ಮಬ್ಬು. "ಏನೋ ಬೆಳ್ಳಗ ಐತ್ರಿ. ಕಲ್ಲೋ ಆಡೋ, ದೇವರಿಗೆ ಗೊತ್ತು," ಅಂದಳು. ಅಕ್ಕನನ್ನು ಏರಿಸಿದ. ಅಕ್ಕ ಸಾವಕಾಶವಾಗಿ ನೋಡಿ, "ಅದು ಕಲ್ಲು, ಅಪ್ಪಾ. ಆಡು ಇಲ್ಲ," ಅಂದಳು.

"ನೀನೂ ಇಂವನ ಪಾರ್ಟಿ," ಅಂದ ಅಪ್ಪ. ಅಕ್ಕನನ್ನು ಇಳಿಸಿ ಹೋಗಿ ದಿನ್ನೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಕೈಯಲ್ಲಿ ಒಂದು ಕಡ್ಡಿ ಹಿಡಿದು ನೆಲ ಗೀರತೊಡಗಿದ. ಯಾರ್ಡಿನಲ್ಲಿ ಲಾರಿ ಬಾರದ ದಿನ ಹಮಾಲರು ಹಾಗೆ ಕೂರುತ್ತಾರೆ.

ಸುತ್ತ ಜೋಡಿಗಳು ಮೇಲೆ ಕೆಳಗೆ ಬದಲಾಗುತ್ತ ನಗುತ್ತಿದ್ದರು. ಬಿಸಿಲು ಮುಳ್ಳುಕಂಟಿಯ ತುದಿಗೆ ಬಂದಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ.

"ಏರಿ ನೀನ ನೋಡು," ಅಂದೆ. "ಇಷ್ಟ ದೂರ ಬಂದಿ. ದಿನಾ ಬೆಳಗಾದರ ಅದನ್ನ ನೋಡಿ ಕೈ ಮುಗದಿ. ಈಗ ನಿನ್ನ ಮೂಗಿನ ಮುಂದ ಐತಿ, ನೀ ಕಡ್ಡಿ ಗೀರಕೋತ ಕುಂತೀ. ನನ್ನ ಬೆನ್ನ ಏನ ಮುರಿದೈತಾ?"

"ನಿನ್ನ ಬೆನ್ನ ಮುರೀಬಾರದು ಅಂತನ..."

"ಮುರಿಯೂದಿಲ್ಲೊ ಅಪ್ಪಾ. ಒಮ್ಮೆ ಹಾಕಿ ನೋಡಿದ್ದರ ಗೊತ್ತಾಗತಿತ್ತು. ಯಾರ್ಡಿನಾಗ ಯಾರಿಗೂ ನನಗ ಚೀಲ ಕೊಡಗೊಡಲಿಲ್ಲ ನೀನು. ಸಾಲಿ ಬಿಟ್ಟಾಂವ ಅಂತ ಮಂದಿ ಅಂದರು, ಅನ್ನಲಿ. ಹೊರಾಕೂ ಬಾರದಾಂವ ಅಂತ ನೀ ಅನಿಸಿದಿ. ಅಕ್ಕ ಪರದೇಶದಾಗ ಹೊತ್ತಾಳ, ಅಕಿಗೆ ಗಡ್ಡಿ ಎದ್ದೈತೇನ ಅಂತ ನೋಡಿದಿ. ನನ್ನ ಕುತಗಿ ಒಮ್ಮೆ ಮುಟ್ಟಿ ನೋಡಿದೀ?"

ಅಪ್ಪ ಕಡ್ಡಿ ನಿಲ್ಲಿಸಿದ. ತಲೆ ಎತ್ತಲಿಲ್ಲ.

"ನನಗೂ ನೋಡೂ ಆಸೆ ಐತೊ," ಅಂದ ಸಣ್ಣ ದನಿಯಲ್ಲಿ. "ಮಗನ ಹೆಗಲ ಏರಬಾರದು. ಅದರ ದಿನ ಬೇರೆ ಐತಿ."

ಅವ್ವ ಇಷ್ಟು ಹೊತ್ತು ಒಂದು ಕಲ್ಲಿನ ಮೇಲೆ ಕೂತು ಖರ್ಜೂರದ ಸಿಹಿ ಮೆಲ್ಲುತ್ತಿದ್ದವಳು ಕೈ ಒರೆಸಿಕೊಂಡು ಎದ್ದಳು. ತನ್ನ ಕೈಚೀಲದಲ್ಲಿ ಕೈ ಹಾಕಿ ಅಪ್ಪನ ಗೋಣಿತಟ್ಟು ಹೊರಗೆಳೆದಳು. ಅಪ್ಪ ಅದನ್ನು ಎಲ್ಲಿ ಹೋದರೂ ಬಿಡುವುದಿಲ್ಲ, ಕೂರಲು ಬೇಕು, ಹೊದೆಯಲು ಬೇಕು. ಚೀಲ ಎತ್ತುವ ಕೊಕ್ಕೆಯನ್ನೂ ತಂದಿದ್ದ, ವಿಮಾನದವರು ಕಿತ್ತುಕೊಂಡಿದ್ದರು. ಗೋಣಿತಟ್ಟು ಮಾತ್ರ ಮೂಸಿ ನೋಡಿ ಬಿಟ್ಟುಕೊಟ್ಟಿದ್ದರು.

"ಏಳ್ರಿ," ಅಂದಳು ಅವ್ವ. ಅಪ್ಪನ ತಲೆಯ ಮೇಲಿಂದ ಗೋಣಿತಟ್ಟು ಹೊದಿಸಿ ಗದ್ದದ ಕೆಳಗೆ ಗಂಟು ಹಾಕಿದಳು. "ಈಗ ನೀವು ಫಕೀರಪ್ಪ ಅಲ್ಲ. ಚೀಲ. ಚೀಲ ಹೊತ್ತರ ಯಾವ ಚಟ್ಟಾನೂ ಏಳಂಗಿಲ್ಲ. ಚೀಲಕ್ಕ ಮಗಾನೂ ಇಲ್ಲ, ಅಪ್ಪಾನೂ ಇಲ್ಲ."

ಅಪ್ಪ ಗೋಣಿಯೊಳಗಿಂದ ಅವಳನ್ನು ನೋಡಿದ. ಅವಳ ಮಾತಿನಲ್ಲಿ ತಪ್ಪು ಹುಡುಕುತ್ತಿದ್ದ. ಬಹಳ ಹೊತ್ತು ಹುಡುಕಿದ.

"ಯಾರ್ಡಿನಾಗ ಯಾರಾದರೂ ಕೇಳಿದರ?"

"ಫಕೀರಪ್ಪ ಎಲ್ಲಾರನೂ ಹೊತ್ತ, ಫಕೀರಪ್ಪನ್ನ ಯಾರೂ ಹೊರಲಿಲ್ಲ ಅಂತ ನಾ ಆಣಿ ಮಾಡತೀನಿ. ಅದರಾಗ ಸುಳ್ಳ ಏನೈತಿ?"

ಅಕ್ಕ ನಗು ತಡೆಯಲಾರದೆ ಬೇರೆ ಕಡೆ ತಿರುಗಿದಳು. ಅಪ್ಪ ಎದ್ದ. ನನ್ನ ಹಿಂದೆ ಬಂದು ನಿಂತ. ನನ್ನ ಕುತ್ತಿಗೆಯ ಕೆಳಗೆ ಅವನ ಹೆಬ್ಬೆರಳು ಬಿತ್ತು. ಒತ್ತಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು.

"ಸ್ವಂಟ ಬಗ್ಗಸಬ್ಯಾಡ, ಮಣಕಾಲ ಬಗ್ಗಸು," ಅಂದ. "ಕಾಲ ಅಗಲ ಇಡು. ಉಸರ ಬಿಗಿ ಹಿಡಿ, ಭಾರ ಬಿದ್ದ ಮ್ಯಾಲ ಬಿಡು. ಮೊದಲ ಬಲಗಾಲ. ಯಾರ ಕರದರೂ ತಿರುಗಿ ನೋಡಬ್ಯಾಡ, ಚೀಲ ಹೊರಳತೈತಿ."

"ಚೀಲ ಇಷ್ಟ ಮಾತಾಡತೈತೇನ್ರಿ?" ಅಂದಳು ಅವ್ವ.

ಅಪ್ಪ ಬಾಯಿ ಮುಚ್ಚಿದ. ನಾನು ಚಪ್ಪಲಿ ಕಳಚಿ ಮೊಣಕಾಲು ಬಗ್ಗಿಸಿದೆ. ಅಕ್ಕ ಒಂದು ಕಡೆ, ಅವ್ವ ಒಂದು ಕಡೆ ಹಿಡಿದು, ಯಾರ್ಡಿನಲ್ಲಿ ಲಾರಿಯಿಂದ ಚೀಲ ಕೊಡುವ ಹಾಗೆ, ಹಯ್ಯಾ ಅಂತ ಎತ್ತಿ ನನ್ನ ಬೆನ್ನ ಮೇಲೆ ಹಾಕಿದರು. ಜೋಳದ ಚೀಲದ ಭಾರ. ಉಸಿರು ಬಿಟ್ಟೆ. ಬಲಗಾಲು ಇಟ್ಟೆ. ನಿಂತೆ. ನನ್ನ ಬೆನ್ನ ಮೇಲೆ ಒಂದು ಚೀಲವಿತ್ತು. ನಾನು ನಡೆಯುತ್ತಿದ್ದೆ. ಆ ಖುಷಿ ಹೇಗೆ ಹೇಳಲಿ, ಎದೆಯೊಳಗೆ ಯಾರೋ ಹಲಗೆ ಬಾರಿಸುತ್ತಿದ್ದರು.

ನನಗೆ ಕಾಣುತ್ತಿದ್ದದ್ದು ನೆಲ. ಒಣ ಮಣ್ಣು, ಮೇಕೆ ಹಿಕ್ಕೆಯಂಥ ಸಣ್ಣ ಹರಳುಗಳು, ನನ್ನದೇ ಬರಿಗಾಲು. ಚೀಲ ಉಸಿರೂ ಆಡುತ್ತಿರಲಿಲ್ಲ.

"ಅಪ್ಪಾ, ಕಾಣತೈತಾ?"

ಮತ್ತೆರಡು ಹೆಜ್ಜೆ ಹಾಕಿದೆ.

"ಗೋಪುರ ಕಾಣತೈತಿಲ್ಲೊ?"

"ಸುಮ್ಮ ನಡಿ," ಅಂದ. ಇನ್ನೂ ನಾಲ್ಕು ಹೆಜ್ಜೆ ಆದ ಮೇಲೆ ಗೋಣಿಯೊಳಗಿಂದ ಅಂದ, "ಆಡು ಇಲ್ಲೊ. ನೀ ಖರೇನ ಹೇಳಿದ್ದಿ."

ಗೆದ್ದೆ ಎಂದು ಅನಿಸಬೇಕಿತ್ತು. ಅನಿಸಲಿಲ್ಲ. ಆ ಆಡಿನ ಮೇಲೆ ಅಷ್ಟು ವರ್ಷ ಹಲ್ಲು ಕಡಿದವನು, ಅದು ಅಲ್ಲಿ ಇರಲಿ ಎಂದು ಆಗ ಮೊದಲ ಸಲ ಬೇಡಿಕೊಂಡೆ.

"ಇಳಸು," ಅಂದ ಅಪ್ಪ.

"ಇಳಸಂಗಿಲ್ಲ. ಹೊತ್ತದ್ದು ಮೊದಲನೇ ಚೀಲ, ಒಂದ ಸುತ್ತಾದರೂ ಹಾಕತೀನಿ," ಅಂದು ಗೋಪುರ ಇರಬೇಕಾದ ಜಾಗವನ್ನು ಬಲಕ್ಕೆ ಹಿಡಿದು ನಡೆದೆ. ದಿನ್ನೆ ಹತ್ತಿದೆ. ಅಕ್ಕ, ಅವ್ವ ಹಿಂದೆ ಓಡಿಬರುತ್ತಿದ್ದರು. ಇಳಿಬಿಸಿಲು ಬೆನ್ನಿಗೆ ಬಂತು, ನನ್ನ ನೆರಳು ಮುಂದೆ ಉದ್ದವಾಗಿ ಬಿತ್ತು. ಎರಡು ತಲೆಯ, ಒಂದಕ್ಕೆ ಗೋಣಿ ಹೊದೆದ ನೆರಳು. ಆ ಕಡೆಯ ಮಗ್ಗುಲಿಗೆ ಬಂದೆವು. ಅಲ್ಲಿ ಅಪ್ಪನ ಎರಡೂ ಕೈ ನನ್ನ ಕಿವಿಗಳನ್ನು ಹಿಡಿದವು.

"ನಿಲ್ಲು. ನಿಲ್ಲು ನಿಲ್ಲು ನಿಲ್ಲು."

ನಿಂತೆ.

"ಮ್ಯಾಲೈತೊ," ಅಂದ ಅಪ್ಪ.

"ಏನ?"

"ಆಡು. ತುದಿಗೈತೊ ಯಮನ್ಯಾ, ನೀಲಿ ಹಂಚಿನ ಮ್ಯಾಲ. ಬುಡದಾಗ ಯಾಕ ಹುಡಿಕಿದ್ವೊ ನಾವು, ಮೂರೂ ಮಂದಿ ದಡ್ಡರು, ನಾನೂ ದಡ್ಡ. ಹತ್ತಿ ಬಿಟ್ಟೈತಿ. ಯಾವಾಗೋ ಹತ್ತೈತಿ. ಕುಂತೈತಿ ಆರಾಮ, ಏನೋ ಮೆಲಕ ಹಾಕಾಕತ್ತೈತಿ."

"ಸುಳ್ಳ ಹೇಳಬ್ಯಾಡ."

"ಚೀಲ ಸುಳ್ಳ ಹೇಳತೈತೇನೊ?" ಅಂದ ಅಪ್ಪ. ನಗುತ್ತಿದ್ದ. ಅವನ ನಗು ಅವನ ಹೊಟ್ಟೆಯಿಂದ ನನ್ನ ಬೆನ್ನಿಗೆ ಇಳಿದು ನನ್ನ ಪಕ್ಕೆಲುಬು ಅಲುಗಾಡಿಸುತ್ತಿತ್ತು. "ಗಡ್ಡ ಐತಿ. ಒಂದ ಕೋಡ ಸ್ವಲ್ಪ ವಾರಿ, ಸೊಟ್ಟ. ನಮ್ಮನ್ನ ನೋಡತೈತಿ. ಈ ಕಡೆ ನೋಡಾಕತ್ತೈತಿ."

ಇಡೀ ದಿನ ಮಂದಿಯನ್ನು ಏನು ಕಾಣುತ್ತದೆ ಎಂದು ಕೇಳುತ್ತ ನೆಲ ನೋಡಿಕೊಂಡು ನಡೆದವನು ಈಗ ಬಾಯಿ ಮುಚ್ಚಲಿಲ್ಲ. ಹಂಚು ಹೇಳಿದ, ಹಂಚಿನ ಮೇಲಿನ ಬಿಸಿಲು ಹೇಳಿದ, ಮೆಟ್ಟಿಲಿಗೆ ಎಷ್ಟು ಹಾಲು ಸುರಿದು ತೊಳೆದಿದ್ದಾರೋ ಅಂದ, ಮುತ್ಯಾ ಇದ್ದಿದ್ದರೆ ಅಂದ. ನಾನು ನೆಲ ನೋಡುತ್ತ ಎಲ್ಲವನ್ನೂ ನೋಡಿದೆ.

"ಏ ಯಮನ್ಯಾ," ಅಂದಳು ಅಕ್ಕ ಏದುಸಿರು ಬಿಡುತ್ತ ಬಂದು, "ಹೊತ್ತ ಮುಳಗಾಕತ್ತೈತಿ. ಅಪ್ಪನ್ನ ಇಳಸು, ಲಗೂನ ನನ್ನ ಮ್ಯಾಲ ಏರು. ನೀನೂ ಆಡು ನೋಡು."

"ಬ್ಯಾಡ," ಅಂದೆ.

ಸುತ್ತಿ ಮೊದಲು ನಿಂತ ಜಾಗಕ್ಕೆ ಬಂದೆ. ಬಿಸಿಲಿನ ಒಂದು ಎಳೆ ಇನ್ನೂ ಉಳಿದಿತ್ತು. ಅವ್ವ ಚೀಲ ಇಳಿಸಿಕೊಳ್ಳಲು ಎರಡೂ ಕೈ ಚಾಚಿ ನಿಂತಿದ್ದಳು. ಗೋಣಿಯೊಳಗಿಂದ ಅಪ್ಪ, ಯಾರ್ಡಿನಲ್ಲಿ ಲಾರಿಯ ಹತ್ತಿರ ನಿಂತು ಎಣಿಸುವ ಅದೇ ದನಿಯಲ್ಲಿ, "ಲಾಭ," ಅಂದ.

ಅವ್ವನ ಕೈ ತಪ್ಪಿಸಿ, ಉಸಿರು ಬಿಗಿಹಿಡಿದು, ಎರಡನೆಯ ಸುತ್ತಿಗೆ ಬಲಗಾಲು ಮುಂದಿಟ್ಟೆ.